ಜರ್ನಲ್ ಪೆಟ್ಟಿಗೆ ಸದ್ದಿಲ್ಲದೆ ನಿಂತುಹೋದರೆ: ಲೀಗಲ್ ಹೋಲ್ಡ್ ಮೇಲ್‌ಗಳ ದೋಷ ಹುಡುಕುವ ದಾರಿ

ಚಿಕ್ಕಮಗಳೂರಿನ ಒಂದು ಕಾಫಿ ರಫ್ತು ಆಫೀಸಿನ ಮೇಲ್ ಸರ್ವರನ್ನು ನಾನು ನೋಡಿಕೊಳ್ಳುತ್ತೇನೆ. ದೊಡ್ಡ ಆಫೀಸೇನಲ್ಲ, ಮೂವತ್ತು ಜನ ಇದ್ದರೆ ಹೆಚ್ಚು. ಮಂಗಳೂರು ಬಂದರಿನಿಂದ ಹೋದ ಒಂದು ಲೋಡಿನಲ್ಲಿ ತೇವಾಂಶ ಜಾಸ್ತಿ ಇತ್ತು ಎಂದು ಹೊರದೇಶದ ಖರೀದಿದಾರರು ತಕರಾರು ತೆಗೆದರು. ಮಾತು ವಕೀಲರ ತನಕ ಹೋಯಿತು. ಬೆಂಗಳೂರಿನಿಂದ ವಕೀಲರ ಪತ್ರ ಬಂತು: ಈ ಆರು ಜನರ ಒಂದು ಮೇಲೂ ಅಳಿಯಬಾರದು, ಇನ್ನು ಮುಂದೆ ಬರುವುದು ಹೋಗುವುದು ಎಲ್ಲದರ ನಕಲು ಬೇರೆ ಕಡೆ ಇರಬೇಕು. ಇದಕ್ಕೇ ಲೀಗಲ್ ಹೋಲ್ಡ್ ಎನ್ನುವುದು.

ನಮ್ಮ ಸರ್ವರಿನಲ್ಲಿ ಮೇಲ್ ಸಾಗಿಸುವ ಸಾಫ್ಟ್‌ವೇರ್ ಪೋಸ್ಟ್‌ಫಿಕ್ಸ್. ಅದರಲ್ಲಿ ಆಲ್ವೇಸ್ ಬಿಸಿಸಿ ಎಂಬ ಸೆಟ್ಟಿಂಗ್ ಇದೆ. ಬಿಸಿಸಿ ಎಂದರೆ ಉಳಿದವರಿಗೆ ಕಾಣದ ಹಾಗೆ ಹೋಗುವ ಪ್ರತಿ. ಒಂದು ವಿಳಾಸ ಕೊಟ್ಟರೆ ಸರ್ವರಿಗೆ ಬರುವ ಪ್ರತಿ ಹೊಸ ಮೇಲಿನ ಒಂದು ಪ್ರತಿ ಅಲ್ಲಿಗೆ ಬೀಳುತ್ತದೆ. ಈ ನಕಲುಗಳು ಬೀಳುವ ಪೆಟ್ಟಿಗೆಗೆ ಜರ್ನಲ್ ಎನ್ನುತ್ತಾರೆ. ಜರ್ನಲ್ ಎಂಬ ಯೂಸರ್ ಮಾಡಿ ವಿಳಾಸ ಕೊಟ್ಟೆ, ಒಂದು ಟೆಸ್ಟ್ ಮೇಲ್ ಕಳಿಸಿದೆ, ಪ್ರತಿ ಬಂತು. ಕೆಲಸ ಮುಗಿಯಿತು ಎಂದು ಮನೆಗೆ ಹೋದೆ.

ಮೂರು ವಾರ ಬಿಟ್ಟು ವಕೀಲರು ಒಂದು ಮೇಲ್ ಕೇಳಿದರು. ಪೆಟ್ಟಿಗೆ ತೆರೆದರೆ ಕೊನೆಯ ಮೇಲ್ ಐದನೇ ದಿನದ್ದು. ಅದಾದ ಮೇಲೆ ಖಾಲಿ. "ಏನ್ ಮಾರಾಯ್ರೆ, ಎಲ್ಲರ ಮೇಲೂ ಸರಿಯಾಗಿ ಹೋಗ್ತಾ ಬರ್ತಾ ಇದೆಯಲ್ಲ?" ಎಂದರು ಮ್ಯಾನೇಜರು. ತೊಂದರೆ ಇರುವುದೇ ಅಲ್ಲಿ. ಮೇಲ್ ನಿಂತರೆ ಐದು ನಿಮಿಷದಲ್ಲಿ ಫೋನ್ ಬರುತ್ತದೆ. ಜರ್ನಲ್ ನಿಂತರೆ ಯಾರೂ ಫೋನ್ ಮಾಡುವುದಿಲ್ಲ, ಯಾಕೆಂದರೆ ಅದನ್ನು ದಿನಾ ಯಾರೂ ಓದುವುದೇ ಇಲ್ಲ.

ನಾನು ಹುಡುಕಿದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಮಾಂಡು, ಸೆಟ್ಟಿಂಗುಗಳ ಹೆಸರನ್ನು ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನಲ್ಲಿ ಹಾಕಿ, ಸೆಟ್ಟಿಂಗಿನ ಹೆಸರಿನಲ್ಲಿ ಪದಗಳ ನಡುವೆ ಜಾಗದ ಬದಲು ಅಂಡರ್‌ಸ್ಕೋರ್ ಬರುತ್ತದೆ.

ಮೊದಲು ಏನನ್ನೂ ಸರಿ ಮಾಡಬೇಡಿ

ಕೈ ತುರಿಸುತ್ತದೆ, ಗೊತ್ತು. ಆದರೂ ಸೆಟ್ಟಿಂಗ್ ಮುಟ್ಟುವ ಮೊದಲು ಇದ್ದುದನ್ನು ಇದ್ದ ಹಾಗೆ ಬೇರೆ ಡಿಸ್ಕಿಗೆ ತೆಗೆದುಕೊಳ್ಳಿ. ಜರ್ನಲ್ ಫೈಲು, ಪೋಸ್ಟ್‌ಫಿಕ್ಸಿನ ಸೆಟ್ಟಿಂಗುಗಳಿರುವ ಮೇನ್ ಡಾಟ್ ಸಿಎಫ್ ಮತ್ತು ಮಾಸ್ಟರ್ ಡಾಟ್ ಸಿಎಫ್, ಎಲ್ಲಕ್ಕಿಂತ ಮುಖ್ಯವಾಗಿ ಮೇಲ್ ಲಾಗುಗಳು, ಅಂದರೆ ಪ್ರತಿ ಮೇಲಿಗೆ ಏನಾಯಿತು ಎಂದು ಸರ್ವರ್ ಸಾಲು ಸಾಲಾಗಿ ಬರೆದಿಡುವ ಫೈಲುಗಳು. ಪ್ರತಿ ಫೈಲಿಗೂ ಶಾ256ಸಮ್ ಓಡಿಸಿ, ಬಂದ ಹ್ಯಾಶನ್ನು ಒಂದು ಪಟ್ಟಿಯಲ್ಲಿ ಬರೆದಿಡಿ. ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು ಇದ್ದ ಹಾಗೆ, ಒಂದು ಅಕ್ಷರ ಬದಲಾದರೂ ಅದು ಹೊಂದುವುದಿಲ್ಲ. ಈ ಪಟ್ಟಿ ಮುಂದೆ ಬೇಕಾಗುತ್ತದೆ.

ಲಾಗಿನ ವಿಷಯದಲ್ಲಿ ಅವಸರ ಇದೆ. ರೆಡ್‌ಹ್ಯಾಟ್ ಕುಟುಂಬದ ಲಿನಕ್ಸಿನಲ್ಲಿ ಲಾಗ್‌ರೊಟೇಟ್ ಸುಮ್ನೆ ಬಿಟ್ಟರೆ ವಾರಕ್ಕೊಂದು ಫೈಲಿನಂತೆ ನಾಲ್ಕು ಹಳೆ ಫೈಲು ಇಟ್ಟುಕೊಳ್ಳುತ್ತದೆ, ಅದಕ್ಕಿಂತ ಹಳೆಯದನ್ನು ಅಳಿಸುತ್ತದೆ. ನಾನು ನೋಡಿದ್ದು ಮೂರನೇ ವಾರದಲ್ಲಿ, ಬಚಾವಾದೆ. ಇನ್ನೆರಡು ವಾರ ತಡವಾಗಿದ್ದರೆ ಏನು ಹೋಯಿತು ಎಂದು ಹೇಳುವುದಕ್ಕೂ ದಾಖಲೆ ಇರುತ್ತಿರಲಿಲ್ಲ. ಹಳೆಯ ರೀತಿಯ ಸಿಸ್‌ಲಾಗ್ ಸಾಲಿನಲ್ಲಿ ತಿಂಗಳು, ದಿನ, ಗಂಟೆ ಇರುತ್ತದೆ, ವರ್ಷ ಇರುವುದಿಲ್ಲ. ತೆಗೆದಿಟ್ಟ ಫೈಲಿನ ಹೆಸರಿನಲ್ಲೇ ವರ್ಷ ಸೇರಿಸಿ.

ಹಳೆ ಮೇಲ್ ತಾನಾಗಿ ಅಳಿಸುವ ಕ್ರಾನ್ (ಗೊತ್ತು ಮಾಡಿದ ಹೊತ್ತಿಗೆ ತಾನೇ ಓಡುವ ಕೆಲಸ) ಏನಾದರೂ ಇದ್ದರೆ ಅದನ್ನೂ ಈಗಲೇ ನಿಲ್ಲಿಸಿ. ನಮ್ಮಲ್ಲಿ ಟ್ರ್ಯಾಶ್ ಫೋಲ್ಡರ್ ಖಾಲಿ ಮಾಡುವ ಒಂದು ಸ್ಕ್ರಿಪ್ಟ್ ಇತ್ತು. ಯಾವಾಗಲೋ ನಾನೇ ಬರೆದಿದ್ದು, ನಾನೇ ಮರೆತಿದ್ದೆ.

ಪ್ರತಿ ಹುಟ್ಟುತ್ತಿದೆಯೇ?

ದೋಷವನ್ನು ಎರಡು ಭಾಗ ಮಾಡಿಕೊಳ್ಳಿ. ಸರ್ವರ್ ಪ್ರತಿಯನ್ನು ಹುಟ್ಟಿಸುತ್ತಲೇ ಇಲ್ಲವೇ, ಅಥವಾ ಹುಟ್ಟಿಸಿದ ಪ್ರತಿ ಪೆಟ್ಟಿಗೆ ಸೇರುತ್ತಿಲ್ಲವೇ? ಇದು ತಿಳಿಯದೆ ಸೆಟ್ಟಿಂಗ್ ಬದಲಿಸುತ್ತಾ ಕೂತರೆ ಸಂಜೆಯಾಗುತ್ತದೆ.

ಒಬ್ಬರಿಗೆ ಮಾತ್ರ ಒಂದು ಟೆಸ್ಟ್ ಮೇಲ್ ಕಳಿಸಿ. ಸರ್ವರಿನ ಸರದಿಯಲ್ಲಿ (ಕ್ಯೂ) ಪ್ರತಿ ಮೇಲಿಗೂ ಒಂದು ಗುರುತು ಸಿಗುತ್ತದೆ, ಅದು ಕ್ಯೂ ಐಡಿ. ಲಾಗಿನಲ್ಲಿ ಆ ಮೇಲಿನ ಕ್ಯೂ ಐಡಿ ಹಿಡಿದು ಗ್ರೆಪ್ ಮಾಡಿ, ಅಂದರೆ ಅದು ಇರುವ ಸಾಲುಗಳನ್ನೆಲ್ಲ ಹುಡುಕಿ. ಕ್ಯೂ ಮ್ಯಾನೇಜರ್ ಬರೆದ ಸಾಲಿನಲ್ಲಿ ಎನ್‌ಆರ್‌ಸಿಪಿಟಿ ಎಂದು ಒಂದು ಸಂಖ್ಯೆ ಇರುತ್ತದೆ, ಅದು ಎಷ್ಟು ಜನಕ್ಕೆ ಎಂದು ಹೇಳುತ್ತದೆ. ಒಬ್ಬರಿಗೆ ಕಳಿಸಿದ ಮೇಲಿಗೆ 2 ಎಂದಿದ್ದರೆ ಪ್ರತಿ ಹುಟ್ಟಿದೆ. 1 ಎಂದಿದ್ದರೆ ಹುಟ್ಟಿಲ್ಲ. ಒಂದೇ ಎಚ್ಚರಿಕೆ: ವೈರಸ್ ಅಥವಾ ಸ್ಪ್ಯಾಮ್ ಫಿಲ್ಟರ್ ನಡುವೆ ಇದ್ದರೆ ಮೇಲ್ ಒಮ್ಮೆ ಹೊರಗೆ ಹೋಗಿ ಹೊಸ ಕ್ಯೂ ಐಡಿ ಹೊತ್ತು ಒಳಗೆ ಬರುತ್ತದೆ. ಆಗ ಎರಡೂ ಐಡಿ ನೋಡಬೇಕು.

ಹುಟ್ಟಿಲ್ಲ ಎಂದಾದರೆ ಮೊದಲು ಪೋಸ್ಟ್‌ಕಾನ್ಫ್ ಓಡಿಸಿ, ಸೆಟ್ಟಿಂಗ್ ನಿಜವಾಗಿ ಜಾರಿಯಲ್ಲಿದೆಯೇ ನೋಡಿ. ಫೈಲಿನಲ್ಲಿ ಎರಡು ಕಡೆ ಅದೇ ಹೆಸರು ಇದ್ದರೆ ಕೊನೆಯದ್ದೇ ಗೆಲ್ಲುತ್ತದೆ. ಆಮೇಲೆ ಮಾಸ್ಟರ್ ಡಾಟ್ ಸಿಎಫ್‌ನಲ್ಲಿ ರಿಸೀವ್ ಓವರ್‌ರೈಡ್ ಆಪ್ಶನ್ಸ್ ಹುಡುಕಿ. ಮೇಲ್ ಒಳಗೆ ಬರುವ ಒಂದೊಂದು ದಾರಿಯನ್ನು ಬಾಗಿಲು ಎಂದುಕೊಳ್ಳಿ. ಅಲ್ಲಿ ನೋ ಅಡ್ರೆಸ್ ಮ್ಯಾಪಿಂಗ್ಸ್ ಎಂದಿದ್ದರೆ ಆ ಬಾಗಿಲಿನಲ್ಲಿ ಬಂದ ಮೇಲಿಗೆ ಬಿಸಿಸಿ ಪ್ರತಿ ಆಗುವುದಿಲ್ಲ. ಫಿಲ್ಟರ್ ಇರುವ ಕಡೆ ಇದು ಒಂದು ಬಾಗಿಲಿನಲ್ಲಿ ಇರಲೇಬೇಕು. ಫಿಲ್ಟರಿಗೆ ಹೋಗುವ ಮುಂಚೆ ಒಂದು ಪ್ರತಿ, ಬಂದ ಮೇಲೆ ಇನ್ನೊಂದು ಪ್ರತಿ ಆಗಿಬಿಟ್ಟರೆ ಪೆಟ್ಟಿಗೆಯಲ್ಲಿ ಎಲ್ಲ ಮೇಲೂ ಎರಡೆರಡು ಸಲ ಕೂರುತ್ತದೆ. ಆದರೆ ಯಾರೋ ಎರಡೂ ಬಾಗಿಲಿಗೆ ಅದನ್ನು ಹಾಕಿಬಿಟ್ಟರೆ ಒಂದೂ ಪ್ರತಿ ಆಗುವುದಿಲ್ಲ. ಹಾಗಾಗಿ ಎರಡೆರಡು ಪ್ರತಿ ಕಂಡರೆ ಗಾಬರಿ ಬೇಡ, ಒಂದೂ ಇಲ್ಲದ್ದಕ್ಕಿಂತ ಅದು ವಾಸಿ.

ಆರು ಜನರದ್ದು ಮಾತ್ರ ಸಾಕು ಎಂದು ಸೆಂಡರ್ ಬಿಸಿಸಿ ಮ್ಯಾಪ್ಸ್ ಮತ್ತು ರೆಸಿಪಿಯೆಂಟ್ ಬಿಸಿಸಿ ಮ್ಯಾಪ್ಸ್ ಬಳಸುವವರೂ ಇದ್ದಾರೆ. ಅಲ್ಲಿ ತಪ್ಪುವುದು ವಿಳಾಸಗಳಲ್ಲಿ. ಅದೇ ವ್ಯಕ್ತಿ ಸೇಲ್ಸ್ ಎಂಬ ವಿಳಾಸದಿಂದ ಮೇಲ್ ಕಳಿಸಿದರೆ ಪಟ್ಟಿಯಲ್ಲಿರುವ ಅವರ ಸ್ವಂತ ಹೆಸರಿನ ವಿಳಾಸಕ್ಕೆ ಅದು ಹೊಂದುವುದಿಲ್ಲ. ಅವರು ಇರುವ ಗ್ರೂಪ್ ವಿಳಾಸಗಳನ್ನೂ ಪಟ್ಟಿಗೆ ಸೇರಿಸಿ. ಈ ವಿಳಾಸಗಳ ಪಟ್ಟಿ ತಿದ್ದಿದ ಮೇಲೆ, ಅದನ್ನು ಡೇಟಾಬೇಸ್ ಮಾಡುವ ಪೋಸ್ಟ್‌ಮ್ಯಾಪ್ ಓಡಿಸುವುದು ಮರೆತರೆ ಹಳೆಯ ಪಟ್ಟಿಯೇ ನಡೆಯುತ್ತಿರುತ್ತದೆ. ಮೂಲ ಫೈಲಿಗಿಂತ ಡೇಟಾಬೇಸ್ ಹಳೆಯದು ಎಂದು ಲಾಗಿನಲ್ಲಿ ಒಂದು ಎಚ್ಚರಿಕೆ ಬಿದ್ದಿರುತ್ತದೆ, ನೋಡಿ.

ಇನ್ನೊಂದು ಇದೆ, ಇದನ್ನು ಯಾವ ಲಾಗೂ ತೋರಿಸುವುದಿಲ್ಲ. ತೋಟಕ್ಕೆ ಹೋದಾಗ ಸಿಗ್ನಲ್ ಸಿಗಲಿಲ್ಲ, ಆಫೀಸ್ ಮೇಲ್ ಓಪನ್ ಆಗಲಿಲ್ಲ ಎಂದು ಸ್ವಂತ ಜಿಮೇಲಿನಿಂದ ಖರೀದಿದಾರರಿಗೆ ಉತ್ತರ ಕೊಟ್ಟವರು ನಮ್ಮಲ್ಲಿ ಇಬ್ಬರಿದ್ದರು. ಆ ಮೇಲ್ ನಮ್ಮ ಸರ್ವರನ್ನು ಮುಟ್ಟಿಯೇ ಇಲ್ಲ. ಜರ್ನಲಿಗೆ ಅದು ಸಿಗುವುದು ಹೇಗೆ? ವಾಟ್ಸಾಪ್ ಕತೆಯೂ ಅಷ್ಟೆ. ಇದನ್ನು ವಕೀಲರಿಗೆ ಹೇಳಬೇಕು, ಸರ್ವರಿನಲ್ಲಿ ಇದಕ್ಕೆ ಮದ್ದಿಲ್ಲ.

ಹುಟ್ಟಿದೆ, ಸೇರಿಲ್ಲ

ನಮ್ಮ ಲಾಗಿನಲ್ಲಿ ಎನ್‌ಆರ್‌ಸಿಪಿಟಿ 2 ಎಂದೇ ಇತ್ತು. ಅಂದರೆ ಪ್ರತಿ ಹುಟ್ಟಿದೆ. ಈಗ ಜರ್ನಲ್ ವಿಳಾಸದ ಸಾಲಿನಲ್ಲಿ ಸ್ಟೇಟಸ್ ಏನಿದೆ ನೋಡಬೇಕು. ಸೆಂಟ್ ಎಂದರೆ ಸೇರಿದೆ. ಡಿಫರ್ಡ್ ಎಂದರೆ ಕ್ಯೂನಲ್ಲಿ ಕಾಯುತ್ತಿದೆ, ಜೀವ ಇದೆ. ಬೌನ್ಸ್ಡ್ ಎಂದರೆ ಪೆಟ್ಟಿಗೆ ತಿರಸ್ಕರಿಸಿತು, ಪ್ರತಿ ಕಳೆದುಹೋಯಿತು.

ನಮ್ಮದು ಬೌನ್ಸ್ಡ್. ಕಾರಣದ ಜಾಗದಲ್ಲಿ 'ಫೈಲ್ ಟೂ ಲಾರ್ಜ್' ಎಂದಿತ್ತು.

ಪೋಸ್ಟ್‌ಫಿಕ್ಸಿನಲ್ಲಿ ಮೇಲ್‌ಬಾಕ್ಸ್ ಸೈಜ್ ಲಿಮಿಟ್ ಎಂಬುದು ತಾನಾಗಿ 51200000 ಬೈಟ್ ಇರುತ್ತದೆ, ಹೆಚ್ಚುಕಮ್ಮಿ 51 ಎಂಬಿ. ಹಳೆಯ ಎಂಬಾಕ್ಸ್ ಪದ್ಧತಿಯಲ್ಲಿ ಒಬ್ಬರ ಮೇಲ್ ಎಲ್ಲ ಒಂದೇ ಉದ್ದದ ಫೈಲಿನಲ್ಲಿ ಸೇರುತ್ತಾ ಹೋಗುತ್ತದೆ. ಆ ಫೈಲು 51 ಎಂಬಿ ಮುಟ್ಟಿದರೆ ಮುಂದಿನದಕ್ಕೆ ಬಾಗಿಲು ಬಂದ್. ಮೂವತ್ತು ಜನರ ಆಫೀಸಿನ ಇನ್‌ವಾಯ್ಸು, ಲ್ಯಾಬ್ ರಿಪೋರ್ಟು, ಸ್ಯಾಂಪಲ್ ಫೋಟೋಗಳಿಗೆ 51 ಎಂಬಿ ಯಾವ ಲೆಕ್ಕ? ಐದು ದಿನ ಬಂದಿದ್ದೇ ಹೆಚ್ಚು. ಡೆಬಿಯನ್, ಉಬುಂಟುಗಳಲ್ಲಿ ಇನ್‌ಸ್ಟಾಲ್ ಆಗುವಾಗಲೇ ಈ ಮಿತಿಯನ್ನು 0 ಎಂದು ಬರೆದಿರುತ್ತಾರೆ, 0 ಎಂದರೆ ಮಿತಿ ಇಲ್ಲ. ಹಾಗಾಗಿ ಅಲ್ಲಿಂದ ಬಂದವರಿಗೆ ಇದು ಹೊಳೆಯುವುದೇ ಇಲ್ಲ. ನನಗೂ ಹೊಳೆಯಲಿಲ್ಲ. ವರ್ಚುವಲ್ ಯೂಸರ್ ಇಟ್ಟವರು ವರ್ಚುವಲ್ ಮೇಲ್‌ಬಾಕ್ಸ್ ಲಿಮಿಟ್ ಕೂಡ ನೋಡಿ, ಅದೂ ತಾನಾಗಿ ಇದೇ 51200000.

ಸರಿ, ಬೌನ್ಸ್ ಆದರೆ ಯಾರಿಗಾದರೂ ವಾಪಸ್ ಮೇಲ್ ಬರಬೇಕಲ್ವಾ? ಬರುವುದಿಲ್ಲ. 2.3ನೇ ಆವೃತ್ತಿಯಿಂದ ಈಚೆಗೆ ಪೋಸ್ಟ್‌ಫಿಕ್ಸ್ ಈ ಬಿಸಿಸಿ ಪ್ರತಿಗೆ 'ಯಾರಿಗೂ ತಿಳಿಸಬೇಡ' ಎಂಬ ಗುರುತು ಹಾಕಿಯೇ ಕಳಿಸುತ್ತದೆ. ಅದಕ್ಕೆ ಕಾರಣವೂ ಇದೆ. ಹಿಂದೆ ಜರ್ನಲ್ ಪೆಟ್ಟಿಗೆ ಕೆಟ್ಟರೆ ಮೇಲ್ ಬರೆದವರಿಗೇ ಬೌನ್ಸ್ ಹೋಗುತ್ತಿತ್ತು. ತಕರಾರು ಮಾಡುತ್ತಿರುವ ಖರೀದಿದಾರರಿಗೇ 'ನಿಮ್ಮ ಮೇಲ್ ನಮ್ಮ ಜರ್ನಲಿಗೆ ಸೇರಲಿಲ್ಲ' ಎಂದು ಹೋದರೆ ಹೇಗಿರುತ್ತದೆ, ಯೋಚಿಸಿ. ಅದನ್ನು ತಪ್ಪಿಸಿದ್ದು ಒಳ್ಳೆಯದೇ. ಆದರೆ ಅದರ ಬೆಲೆ ಈ ಮೌನ. ಲಾಗಿನಲ್ಲಿ ಒಂದು ಸಾಲು ಬೀಳುತ್ತದೆ, ಪ್ರತಿ ಕಸದ ಬುಟ್ಟಿ ಸೇರುತ್ತದೆ. ನಡುವೆ ಇರುವ ಫಿಲ್ಟರಿಗೆ ಈ ಗುರುತು ಅರ್ಥವಾಗದಿದ್ದರೆ ಮಾತ್ರ ಬೌನ್ಸ್ ಹೊರಗೆ ಹೋಗಬಹುದು. ನಿಮ್ಮ ಗ್ರಾಹಕರು ಯಾರಾದರೂ 'ಈ ಜರ್ನಲ್ ಅಂದರೆ ಯಾರು?' ಎಂದು ಕೇಳಿದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಇಲ್ಲಿ ನಾನು ಒಂದು ತಪ್ಪು ಲೆಕ್ಕ ಹಾಕಿದೆ. ಪೆಟ್ಟಿಗೆಯ ಕೊನೆಯ ಮೇಲ್ ಐದನೇ ದಿನದ ಸಂಜೆಯದು, ಹಾಗಾದರೆ ಅಲ್ಲಿಯವರೆಗೆ ಎಲ್ಲ ಇದೆ ಎಂದುಕೊಂಡೆ. ಇಲ್ಲ. ಫೈಲು ತುಂಬುವ ಹೊತ್ತಿಗೆ ದೊಡ್ಡ ಅಟ್ಯಾಚ್‌ಮೆಂಟ್ ಇರುವ ಮೇಲ್ ಹಿಡಿಸುವುದಿಲ್ಲ, ಆದರೆ ಎರಡು ಸಾಲಿನ 'ಓಕೆ ಸರ್, ನೋಡಿದೆ' ಮೇಲ್ ಹಿಡಿಸುತ್ತದೆ. ಪೂರ್ತಿ ಹಿಡಿಸದಿದ್ದರೆ ಪೋಸ್ಟ್‌ಫಿಕ್ಸ್ ಬರೆದಷ್ಟನ್ನು ಕತ್ತರಿಸಿ ಫೈಲನ್ನು ಮೊದಲಿನ ಹಾಗೆ ಮಾಡುತ್ತದೆ, ಆಮೇಲೆ ಬಂದ ಸಣ್ಣದು ಆರಾಮಾಗಿ ಕೂರುತ್ತದೆ. ಹಾಗಾಗಿ ಬೆಳಿಗ್ಗೆಯೇ ಹೋಗಿದ್ದ ತೇವಾಂಶದ ರಿಪೋರ್ಟು ಪೆಟ್ಟಿಗೆಯಲ್ಲಿ ಇರಲಿಲ್ಲ, ಅದರ ಕೆಳಗಿನ ಥ್ಯಾಂಕ್ಯೂಗಳು ಇದ್ದವು. ದೋಷ ಶುರುವಾದ ಹೊತ್ತನ್ನು ಪೆಟ್ಟಿಗೆಯಿಂದ ಹೇಳಬೇಡಿ, ಲಾಗಿನ ಮೊದಲ ಬೌನ್ಸ್ಡ್ ಸಾಲಿನಿಂದ ಹೇಳಿ.

ಪರಿಹಾರ ಎರಡು ನಿಮಿಷದ್ದು. ಮಿತಿಯನ್ನು 0 ಮಾಡಿ ರೀಲೋಡ್ ಮಾಡಿ. ಆದರೆ ನಾನು ಅಷ್ಟಕ್ಕೇ ಬಿಡಲಿಲ್ಲ, ಪೆಟ್ಟಿಗೆಯನ್ನು ಮೇಲ್‌ಡಿರ್ ಪದ್ಧತಿಗೆ ಬದಲಿಸಿದೆ. ಅಲ್ಲಿ ಒಂದು ಮೇಲಿಗೆ ಒಂದು ಫೈಲು. ಮಿತಿಯೂ ಒಂದೊಂದು ಫೈಲಿಗೆ ಮಾತ್ರ ಅನ್ವಯಿಸುತ್ತದೆ. ಇನ್ನೂ ದೊಡ್ಡ ಕಾರಣ ಬೇರೆ ಇದೆ. ಎಂಬಾಕ್ಸಿನಲ್ಲಿ ಒಂದು ಮೇಲ್ ಮುಗಿದು ಇನ್ನೊಂದು ಶುರುವಾಗುವುದನ್ನು 'ಫ್ರಮ್' ಎಂಬ ಪದದಿಂದ ಗುರುತಿಸುತ್ತಾರೆ. ಹಾಗಾಗಿ ಮೇಲಿನ ಒಳಗೆ ಯಾವ ಸಾಲಾದರೂ 'ಫ್ರಮ್' ಮತ್ತು ಒಂದು ಸ್ಪೇಸಿನಿಂದ ಶುರುವಾದರೆ ಅದರ ಮುಂದೆ ಒಂದು ಬಾಣದ ಗುರುತು ಸೇರಿಸಿಬಿಡುತ್ತದೆ. ಒಂದೇ ಅಕ್ಷರ ನಿಜ. ಆದರೆ ಮೂಲ ಮೇಲು ಬದಲಾಯಿತು, ಹ್ಯಾಶ್ ಹೊಂದುವುದಿಲ್ಲ, ಡಿಕಿಮ್ ಸಹಿಯೂ (ಕಳಿಸಿದ ಸರ್ವರ್ ಮೇಲಿಗೆ ಹಾಕುವ ಡಿಜಿಟಲ್ ಸಹಿ) ಹೊಂದುವುದಿಲ್ಲ. ಎದುರು ವಕೀಲರ ಕೈಗೆ ಇಂಥದ್ದನ್ನು ಯಾಕೆ ಕೊಡಬೇಕು?

ಸ್ಟೇಟಸ್ ಡಿಫರ್ಡ್ ಎಂದು ಇದ್ದವರಿಗೆ ಗಡಿಯಾರ ಓಡುತ್ತಿದೆ. ಕ್ಯೂನಲ್ಲಿ ಮೇಲ್ ಕಾಯುವುದು ತಾನಾಗಿ 5 ದಿನ, ಆಮೇಲೆ ಅದೂ ಬೌನ್ಸ್. ಜರ್ನಲ್ ಪೆಟ್ಟಿಗೆ ಬೆಂಗಳೂರಿನ ಬೇರೆ ಸರ್ವರಿನಲ್ಲಿದ್ದು, ಆಷಾಢದ ಮಳೆಗೆ ಮರ ಬಿದ್ದು ಲೈನ್ ವಾರಗಟ್ಟಲೆ ಹೋದರೆ ಐದು ದಿನ ಸಾಕಾಗುವುದಿಲ್ಲ. ನಮ್ಮ ಕಡೆ ಇದು ಊಹೆಯ ಮಾತಲ್ಲ. ಅದಕ್ಕೇ ಜರ್ನಲ್ ಮೊದಲು ಅದೇ ಮೆಷಿನ್ನಿನಲ್ಲಿ ಬೀಳಲಿ, ಆಮೇಲೆ ರಾತ್ರಿ ಫೈಲು ನಕಲಿಸುವ ಆರ್‌ಸಿಂಕ್‌ನಲ್ಲಿ ಹೊರಗೆ ಹೋಗಲಿ ಎನ್ನುವುದು ನನ್ನ ಪಕ್ಷ.

ಸೆಂಟ್ ಎಂದಿದೆ, ಆದರೂ ಪೆಟ್ಟಿಗೆಯಲ್ಲಿ ಇಲ್ಲವೇ? ಹಾಗಾದರೆ ಯಾರೋ ಆ ಖಾತೆಯನ್ನು ಔಟ್‌ಲುಕ್‌ನಲ್ಲಿ ಪಾಪ್ ಹಾಕಿ ತೆರೆದಿರಬಹುದು. ಪಾಪ್ ಎಲ್ಲವನ್ನೂ ಆ ಕಂಪ್ಯೂಟರಿಗೆ ಎಳೆದುಕೊಂಡು ಸರ್ವರಿನಿಂದ ಅಳಿಸಿರಬಹುದು. ಜರ್ನಲಿನ ಪಾಸ್‌ವರ್ಡ್ ಮ್ಯಾನೇಜರಿಗೂ ಕೊಡಬೇಡಿ.

ಬಿಸಿಸಿ ಯಾರಿಗೆ ಹೋಯಿತು?

ಪೆಟ್ಟಿಗೆ ಸರಿಯಾದ ಮೇಲೆ ವಕೀಲರ ಮುಂದಿನ ಪ್ರಶ್ನೆ ಇದು: "ಈ ಮೇಲನ್ನು ಬಿಸಿಸಿಯಲ್ಲಿ ಯಾರಿಗಾದರೂ ಕಳಿಸಿದ್ದಾರಾ?" ಜರ್ನಲ್ ಪ್ರತಿಯನ್ನು ತಿರುಗಿಸಿ ಮುರುಗಿಸಿ ನೋಡಿದೆ. ಉತ್ತರ ಇಲ್ಲ.

ಮೇಲಿಗೆ ಎರಡು ವಿಳಾಸ ಇರುತ್ತವೆ, ಅಂಚೆಯ ಹಾಗೆಯೇ. ಕಾಗದದ ತಲೆಯಲ್ಲಿ ಬರೆದದ್ದು ಒಂದು, ಲಕೋಟೆಯ ಮೇಲೆ ಬರೆದದ್ದು ಇನ್ನೊಂದು. ಬಿಸಿಸಿ ಇರುವುದು ಲಕೋಟೆಯ ಮೇಲೆ ಮಾತ್ರ. ಆಲ್ವೇಸ್ ಬಿಸಿಸಿ ಕಾಗದವನ್ನು ಜರ್ನಲಿಗೆ ತರುತ್ತದೆ, ಲಕೋಟೆ ಎಸೆದುಬಿಡುತ್ತದೆ. ಆ ಪ್ರತಿಯ ಲಕೋಟೆಯಲ್ಲಿ ಇರುವುದು ಜರ್ನಲ್ ವಿಳಾಸ ಒಂದೇ.

2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 7ನೇ ಕಲಂ ಎಲೆಕ್ಟ್ರಾನಿಕ್ ದಾಖಲೆಯನ್ನು ಹುಟ್ಟಿದ, ಕಳಿಸಿದ ಅಥವಾ ಬಂದ ರೂಪದಲ್ಲೇ, ಇಲ್ಲವೇ ಅದನ್ನು ಸರಿಯಾಗಿ ತೋರಿಸುವ ರೂಪದಲ್ಲಿ ಇಡಬೇಕು ಎನ್ನುತ್ತದೆ. ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಯಾವ ದಿನ ಯಾವ ಹೊತ್ತಿಗೆ ಎಂಬ ವಿವರವೂ ಅದರ ಜೊತೆ ಸಿಗಬೇಕು. 'ಎಲ್ಲಿಗೆ ಹೋಯಿತು' ಎಂಬುದರಲ್ಲಿ ಬಿಸಿಸಿ ಇಲ್ಲದಿದ್ದರೆ ಉತ್ತರ ಅರ್ಧ.

ಪೋಸ್ಟ್‌ಫಿಕ್ಸ್ ಬಿಟ್ಟು ಬೇರೆಗೆ ಹೋಗದೆ ಇದಕ್ಕೆ ಇರುವ ದಾರಿ ಲಾಗ್. ಪೋಸ್ಟ್‌ಫಿಕ್ಸಿನ ಕ್ಲೀನಪ್ ಎಂಬ ಭಾಗ ಬರೆದ ಸಾಲಿನಲ್ಲಿ ಮೆಸೇಜ್ ಐಡಿ (ಮೇಲಿನ ತಲೆಯಲ್ಲೇ ಇರುವ ಗುರುತು) ಇದೆ, ಅದೇ ಕ್ಯೂ ಐಡಿಯ ಬೇರೆ ಸಾಲುಗಳಲ್ಲಿ ಲಕೋಟೆಯ ಎಲ್ಲ ವಿಳಾಸ ಇವೆ. ಎರಡನ್ನೂ ಜೋಡಿಸಿದರೆ ಆ ಮೇಲ್ ಯಾರಿಗೆಲ್ಲ ಹೋಯಿತು ಎಂದು ಸಿಗುತ್ತದೆ. ಅಂದರೆ ಲಾಗ್ ಕೂಡ ಈಗ ಹೋಲ್ಡಿನ ಭಾಗ. ಒಂದು ಗುಂಡಿ ಮಾತ್ರ ಇದೆ: ತಾನಾಗಿ ಬರುವ ಸಣ್ಣ ಕ್ಯೂ ಐಡಿಗಳು ದಿನ ಕಳೆದ ಹಾಗೆ ಮತ್ತೆ ಬರಬಹುದು. ಆರು ತಿಂಗಳ ಲಾಗ್ ಒಟ್ಟಿಗೆ ಹಾಕಿ ಗ್ರೆಪ್ ಮಾಡಿದರೆ ಯಾರದ್ದೋ ಮೇಲು ಯಾರದ್ದೋ ಲಕೋಟೆಗೆ ಅಂಟಿಕೊಳ್ಳುತ್ತದೆ. ಎನೇಬಲ್ ಲಾಂಗ್ ಕ್ಯೂ ಐಡಿಸ್ ಎಂಬುದನ್ನು ಯೆಸ್ ಮಾಡಿ. 2.9ನೇ ಆವೃತ್ತಿಯಿಂದ ಇದು ಇದೆ, ಐಡಿ ಮರುಕಳಿಸುವುದಿಲ್ಲ. ಹಳೆಯ ಲಾಗಿಗೆ ಒಂದೊಂದು ದಿನವನ್ನು ಬೇರೆ ಮಾಡಿಕೊಂಡೇ ಹುಡುಕಿ.

ಮೈಕ್ರೋಸಾಫ್ಟಿನ ಮೇಲ್ ಸರ್ವರ್ ಎಕ್ಸ್‌ಚೇಂಜ್ ಇದ್ದವರಿಗೆ ಈ ತಲೆನೋವಿಲ್ಲ. ಅದರ ಜರ್ನಲ್ ರಿಪೋರ್ಟು ಮೂಲ ಮೇಲನ್ನು ಅಟ್ಯಾಚ್‌ಮೆಂಟಾಗಿ ಇಟ್ಟು, ಮೇಲೆ ಬಿಸಿಸಿಯೂ ಸೇರಿ ಎಲ್ಲರ ಹೆಸರು ಬರೆಯುತ್ತದೆ. ಅವರ ತಲೆನೋವು ಬೇರೆ. ಸ್ವಂತ ಸರ್ವರಿನ ಎಕ್ಸ್‌ಚೇಂಜಿನಲ್ಲಿ ಜರ್ನಲ್ ಪೆಟ್ಟಿಗೆ ಸಿಗದಿದ್ದರೆ ರಿಪೋರ್ಟುಗಳು ಕ್ಯೂನಲ್ಲೇ ಗುಡ್ಡೆ ಬೀಳುತ್ತವೆ, ಡಿಸ್ಕ್ ತುಂಬಿದರೆ ಸರ್ವರ್ ಹೊಸ ಮೇಲ್ ತೆಗೆದುಕೊಳ್ಳುವುದನ್ನೇ ನಿಲ್ಲಿಸುತ್ತದೆ. ಅದಕ್ಕೆ ಜರ್ನಲಿಂಗ್ ರಿಪೋರ್ಟ್ ಎನ್‌ಡಿಆರ್ ಟು ಎಂಬಲ್ಲಿ ಬದಲಿ ಪೆಟ್ಟಿಗೆ ಕೊಡಬೇಕು. ಆ ಬದಲಿ ಪೆಟ್ಟಿಗೆ ಯಾವ ಮನುಷ್ಯರದ್ದೂ ಆಗಿರಬಾರದು, ಅದಕ್ಕಾಗಿಯೇ ಹೊಸದೊಂದು ಮಾಡಿ. ಎಕ್ಸ್‌ಚೇಂಜ್ ಆನ್‌ಲೈನ್ ಆದರೆ ಜರ್ನಲ್ ಪೆಟ್ಟಿಗೆ ಅದರೊಳಗೇ ಇರಲು ಬಿಡುವುದಿಲ್ಲ, ಹೊರಗೇ ಇರಬೇಕು.

ಕಳೆದುಹೋದ ದಿನಗಳು

ಸರಿ ಮಾಡಿದ್ದು ಮುಂದಿನದಕ್ಕೆ. ಹೋದದ್ದನ್ನು ಏನು ಮಾಡುವುದು?

ಲಾಗಿನಿಂದ ಜರ್ನಲ್ ವಿಳಾಸಕ್ಕೆ ಬೌನ್ಸ್ಡ್ ಆದ ಎಲ್ಲ ಮೇಲಿನ ಮೆಸೇಜ್ ಐಡಿ ಪಟ್ಟಿ ಮಾಡಿದೆ. ಆಮೇಲೆ ಆ ಆರು ಜನರ ಇನ್‌ಬಾಕ್ಸ್, ಸೆಂಟ್, ಟ್ರ್ಯಾಶ್‌ಗಳಲ್ಲಿ ಅದೇ ಐಡಿ ಹುಡುಕಿದೆ. ಮುಕ್ಕಾಲುಪಾಲು ಸಿಕ್ಕವು. ಕೆಲವು ಹಿಂದಿನ ರಾತ್ರಿಯ ಬ್ಯಾಕಪ್‌ನಲ್ಲಿ ಸಿಕ್ಕವು. ಕೆಲವು ಎಲ್ಲೂ ಸಿಗಲಿಲ್ಲ, ಅಳಿಸಿದ್ದಾರೆ. ಹೋಲ್ಡ್ ಇದೆ ಎಂದು ಅವರಿಗೆ ಯಾರೂ ಹೇಳಿರಲೇ ಇಲ್ಲ. ಸರ್ವರಿಗೆ ಹೇಳಿದ್ದೆವು, ಮನುಷ್ಯರಿಗೆ ಹೇಳಿರಲಿಲ್ಲ.

ಸಿಕ್ಕಿದ್ದನ್ನು ಜರ್ನಲ್ ಪೆಟ್ಟಿಗೆಗೆ ಸೇರಿಸಬೇಡಿ. ಆಸೆಯಾಗುತ್ತದೆ, ಖಾಲಿ ತುಂಬಿದ ಹಾಗೆ ಕಾಣುತ್ತದೆ. ಆದರೆ ಅವು ಜರ್ನಲ್ ಪ್ರತಿ ಅಲ್ಲ, ಯಾರದೋ ಇನ್‌ಬಾಕ್ಸಿನಿಂದ ಬಂದವು. ಬೇರೆ ಫೋಲ್ಡರಿನಲ್ಲಿ ಇಡಿ. ಯಾವುದು ಎಲ್ಲಿಂದ, ಯಾವ ದಿನ ತೆಗೆದಿದ್ದು ಎಂದು ಪಕ್ಕದಲ್ಲಿ ಬರೆಯಿರಿ. ಸಿಗದವುಗಳ ಪಟ್ಟಿಯನ್ನೂ ಮುಚ್ಚಿಡದೆ ಕೊಡಿ.

ಹ್ಯಾಶ್ ಪಟ್ಟಿ ಬೇಕಾಗುವುದು ಇಲ್ಲಿ. 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಕಲಮಿನ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಬಂದಿದೆ. ಎಲೆಕ್ಟ್ರಾನಿಕ್ ದಾಖಲೆಯನ್ನು ಕೋರ್ಟಿಗೆ ಕೊಡುವಾಗ ಬೇಕಾಗುವ ಅದರ ಪ್ರಮಾಣಪತ್ರಕ್ಕೆ ಎರಡು ಭಾಗ: ಒಂದಕ್ಕೆ ದಾಖಲೆ ಕೊಡುವವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಎರಡರಲ್ಲೂ ಹ್ಯಾಶ್ ಬರೆಯುವ ಜಾಗ ಇದೆ, ಯಾವ ಬಗೆಯ ಹ್ಯಾಶ್ ಎಂದೂ ಹೇಳಬೇಕು. ಮೊದಲ ದಿನವೇ ತೆಗೆದಿಟ್ಟಿದ್ದರೆ ನೋಡಿ ಬರೆಯುವುದಷ್ಟೇ ಕೆಲಸ.

ಈಗ ದಿನಾ ಬೆಳಿಗ್ಗೆ ಆರಕ್ಕೆ ಒಂದು ಸ್ಕ್ರಿಪ್ಟ್ ಓಡುತ್ತದೆ. ಹಿಂದಿನ ದಿನದ ಲಾಗಿನಲ್ಲಿ ಜರ್ನಲ್ ವಿಳಾಸಕ್ಕೆ ಸೆಂಟ್ ಬಿಟ್ಟು ಬೇರೆ ಏನಾದರೂ ಇದ್ದರೆ ಆ ಸಾಲುಗಳನ್ನು ಹಾಗೇ ನನ್ನ ಫೋನಿಗೆ ಕಳಿಸುತ್ತದೆ. ಜೊತೆಗೆ ಎನ್‌ಕೋಡ್ ಆದ ಮೇಲೆ (ಕಳಿಸುವ ರೂಪಕ್ಕೆ ಬದಲಾದ ಮೇಲೆ) 8 ಎಂಬಿ ಆಗುವ ಒಂದು ಟೆಸ್ಟ್ ಮೇಲ್ ಕಳಿಸಿ, ಜರ್ನಲ್ ಫೋಲ್ಡರಿನಲ್ಲಿ ಅದು ಬಂತೇ ನೋಡುತ್ತದೆ. ಎರಡು ಸಾಲಿನ ಟೆಸ್ಟ್ ಮೇಲ್ ಸಾಲದು ಎಂದು ಆ ಐದನೇ ದಿನದ ಕತೆಯಿಂದಲೇ ಗೊತ್ತಾಗಿತ್ತು. ಪೋಸ್ಟ್‌ಫಿಕ್ಸ್ ಒಂದು ಮೇಲಿಗೆ ತಾನಾಗಿ ಬಿಡುವುದು 10240000 ಬೈಟ್, ಅದರೊಳಗೆ ಎಷ್ಟು ದೊಡ್ಡದಾಗುತ್ತದೋ ಅಷ್ಟು ದೊಡ್ಡದು ಕಳಿಸಿ. ಏನೂ ತಪ್ಪಿಲ್ಲದ ದಿನವೂ 'ಸರಿ ಇದೆ' ಎಂದು ಒಂದು ಮೆಸೇಜ್ ಬರುವ ಹಾಗೆ ಮಾಡಿಕೊಂಡಿದ್ದೇನೆ. ಅದು ಬಾರದ ದಿನ ಕಾಫಿ ಕುಡಿಯುವ ಮುಂಚೆಯೇ ಲಾಗಿನ್ ಆಗುತ್ತೇನೆ.